ಖಾಲಿ ಬಿಯರ್ ಬಾಟಲಿಗೂ ಬೆಲೆ ಇರಲಿ



ಕೋಟೇಶ್ವರಕ್ಕೆ ಹತ್ತಿರದ ಕೋಡಿ ಕಡಲತೀರದ ಮರಳಿನಲ್ಲಿ ಒಡೆದ ಬಿಯರ್ ಬಾಟಲಿಗಳ ಚೂರುಗಳು ಕಾಣಸಿಗುತ್ತಿವೆ. ಬರಿಗಾಲಲ್ಲಿ ಕೈರಂಪಣಿ ಬಲೆ ಎಳೆಯುವ ಮೀನುಗಾರರಿಗೆ, ಆಡುವ ಮಕ್ಕಳಿಗೆ ಇದು ಅಪಾಯ. ಕಡಲಾಮೆಗಳು ಮೊಟ್ಟೆಯಿಡುವುದೂ ಇದೇ ತೀರದಲ್ಲಿ.

ಗಾಜಿನ ಬಿಯರ್ ಬಾಟಲಿಯನ್ನು ಕಾರ್ಖಾನೆಯಲ್ಲಿ ತೊಳೆದು ಮತ್ತೆ ತುಂಬಬಹುದು. ಆದರೆ ಕುಡಿದವರು ಅದನ್ನು ಹಿಂದಿರುಗಿಸಲು ಏನಾದರೂ ಪ್ರಯೋಜನ ಕಾಣಬೇಕು. ತಮಿಳುನಾಡಿನ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ನಿರ್ದೇಶನದಂತೆ 2022ರಲ್ಲಿ ಒಂದು ವ್ಯವಸ್ಥೆ ಬಂತು. ಬಾಟಲಿಗೆ 10 ರೂ. ಹೆಚ್ಚುವರಿ ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ಆ ಹಣ ವಾಪಸು ಕೊಡುತ್ತಾರೆ.

ಬಿಯರ್ ಮೇಲಿನ ಸುಂಕವನ್ನು 2025ರ ಜನವರಿಯಲ್ಲಿ ಏರಿಸಿದ ನಮ್ಮ ಸರಕಾರ, ಕರಾವಳಿಯ ಮದ್ಯದಂಗಡಿಗಳಲ್ಲೂ ಇದೇ ಕ್ರಮ ಜಾರಿಗೊಳಿಸಲಿ. ಅಲ್ಲಿಯವರೆಗೆ ತೀರದಲ್ಲಿ ಪೊಲೀಸ್ ಗಸ್ತು ಹೆಚ್ಚಿಸಬೇಕೆಂದು ವಿನಂತಿ.

– ಓರ್ವ ನಾಗರಿಕ, ಕೋಟೇಶ್ವರ