ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ: ನಿಮ್ಮ ಫಾರ್ವರ್ಡ್ ಮೆಸೇಜಿನೊಳಗೆ ಅಡಗಿರುವ ಚಿಹ್ನೆಗಳು

“*ಸಕ್ಕರೆ ಕಾಯಿಲೆಯೇ? ಇನ್ನು ಮಾತ್ರೆ ಬೇಡ!* ರಾತ್ರಿ ಬೆಂಡೆಕಾಯಿ ನೆನೆಸಿದ ನೀರು ಕುಡಿದರೆ ಸಾಕು. ಎಲ್ಲರಿಗೂ ಕಳಿಸಿ.”

ಇಂಥದ್ದೊಂದು ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಬೆಂಡೆಕಾಯಿ ನೀರು ಮಧುಮೇಹದ ಔಷಧಿಗೆ ಬದಲಿ ಅಲ್ಲ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು ಎಂದು ನಾವು ಹಿಂದೆಯೇ ಬರೆದಿದ್ದೆವು. ಆದರೂ ಒಬ್ಬ ಓದುಗರು ಇದನ್ನೇ ನಮಗೆ ಕಳಿಸಿ, “ನಮ್ಮ ತಂದೆ ಮಾತ್ರೆ ಬಿಟ್ಟು ನಾಲ್ಕು ದಿನ ಆಯಿತು, ಇದು ನಿಜವಾ?” ಎಂದು ಕೇಳಿದಾಗ ಉತ್ತರ ಹೋಗಿದ್ದು ಮೂರನೇ ದಿನ.

ತಡವಾಗಿದ್ದು ನಮ್ಮ ತಪ್ಪಿನಿಂದ. ಓದುಗರು ಕಳಿಸುವ ಸಂದೇಶವನ್ನು ನಮ್ಮ ಹಳೆಯ ಲೇಖನಗಳ ಪಟ್ಟಿಯ ಜೊತೆ ಹೋಲಿಸಲು ನಾವೊಂದು ಚಿಕ್ಕ ಪ್ರೋಗ್ರಾಮ್ ಬಳಸುತ್ತೇವೆ. ಹೊಂದಿಕೆ ಸಿಕ್ಕರೆ ಲೇಖನ ಕೂಡಲೇ ಹೋಗುತ್ತದೆ. ಸಿಗದಿದ್ದರೆ ಸಂದೇಶ ಸರದಿಯಲ್ಲಿ ಕಾಯುತ್ತದೆ. ಈ ಸಂದೇಶವನ್ನು ಪ್ರೋಗ್ರಾಮ್ “ಹೊಸದು” ಎಂದು ಗುರುತಿಸಿತ್ತು. ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಒಂದಕ್ಷರವೂ ಬೇರೆ ಕಾಣಲಿಲ್ಲ. ಹಾಗಾದರೆ ಪ್ರೋಗ್ರಾಮ್ ಎಡವಿದ್ದೆಲ್ಲಿ?

ಕಂಪ್ಯೂಟರ್ ಓದುವುದು ಸಂಖ್ಯೆಯನ್ನು

ನಾವು ಅಕ್ಷರದ ಆಕಾರ ನೋಡುತ್ತೇವೆ. ಕಂಪ್ಯೂಟರ್ ನೋಡುವುದು ಆ ಅಕ್ಷರಕ್ಕೆ ಕೊಟ್ಟಿರುವ ಸಂಖ್ಯೆಯನ್ನು. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚುವ ವ್ಯವಸ್ಥೆಯೇ ಯುನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವೂ ಇತ್ತು. ‘ಕ’ ಅಕ್ಷರದ ಸಂಖ್ಯೆ 3221. ಆಕಾರ ಒಂದೇ ಆಗಿದ್ದು ಸಂಖ್ಯೆ ಬೇರೆಯಾದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳೇ.

ತಪ್ಪು ಹುಡುಕಲು ನಾವು ಹಳೆಯ ಉಪಾಯವನ್ನೇ ಹಿಡಿದೆವು. ಸಂದೇಶವನ್ನು ಎರಡು ಭಾಗ ಮಾಡಿ ಒಂದೊಂದನ್ನೇ ಹೋಲಿಸುವುದು, ಹೊಂದದ ಭಾಗವನ್ನು ಮತ್ತೆ ಎರಡು ಮಾಡುವುದು. ಕೊನೆಗೆ ಉಳಿದ ತುಂಡುಗಳ ಸಂಖ್ಯೆಗಳನ್ನು ಮುದ್ರಿಸಿ ನೋಡಿದೆವು. ಸಿಕ್ಕ ಕಾರಣ ಒಂದಲ್ಲ, ಐದು.

ಮೊದಲನೆಯದು: ಚಿಹ್ನೆಯನ್ನು ಆಜ್ಞೆ ಎಂದು ತಿಳಿಯುವುದು

“ಬಾಗಿಲು ಹಾಕು” ಎಂದರೆ ಎದ್ದು ಹಾಕುತ್ತೇವೆ. “ಬಾಗಿಲು ಹಾಕು ಅಂತ ಗೋಡೆ ಮೇಲೆ ಬರೆದಿದ್ದಾರೆ” ಎಂದರೆ ಯಾರೂ ಏಳುವುದಿಲ್ಲ. ಅಲ್ಲಿರುವ ‘ಅಂತ’ ಎಂಬ ಪುಟ್ಟ ಪದವೇ ಇದು ಆಜ್ಞೆಯಲ್ಲ, ಬರೀ ಮಾತು ಎಂದು ತಿಳಿಸುತ್ತದೆ. ಕಂಪ್ಯೂಟರಿಗೆ ಈ ‘ಅಂತ’ದ ಕೆಲಸ ಮಾಡುವುದು ಉದ್ಧರಣ ಚಿಹ್ನೆ ಮತ್ತು ಹಿಂದಕ್ಕೆ ವಾಲಿದ ಗೀಟು ( \ ). ಅವನ್ನು ಹಾಕಲು ಮರೆತರೆ ಮಾತು ಆಜ್ಞೆಯಾಗಿಬಿಡುತ್ತದೆ.

ಪಠ್ಯದಲ್ಲಿ ಮಾದರಿ ಹುಡುಕುವ ಪ್ರೋಗ್ರಾಮುಗಳಿಗೆ ? ಎಂದರೆ “ಇದರ ಹಿಂದಿನ ಚಿಹ್ನೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ”. * ಎಂದರೆ “ಹಿಂದಿನದು ಎಷ್ಟು ಸಲ ಬಂದರೂ ಸರಿ”. ನಮ್ಮ ಸಂದೇಶದಲ್ಲಿ “ಕಾಯಿಲೆಯೇ? ಇನ್ನು” ಎಂದಿದೆ. ಪ್ರೋಗ್ರಾಮ್ ಆ ? ಅನ್ನು ಪ್ರಶ್ನಾರ್ಥಕ ಚಿಹ್ನೆ ಎಂದುಕೊಳ್ಳಲಿಲ್ಲ, ತನಗೆ ಕೊಟ್ಟ ಸೂಚನೆ ಎಂದುಕೊಂಡಿತು. ಹಾಗಾಗಿ “ಕಾಯಿಲೆಯೇ” ಆದ ತಕ್ಷಣ ಖಾಲಿ ಜಾಗ ಇರಬೇಕೆಂದು ಹುಡುಕಿತು. ಅಲ್ಲಿದ್ದದ್ದು ? ಚಿಹ್ನೆ. ಅಂದರೆ ಈ ಸಂದೇಶ ತನ್ನದೇ ಪಡಿಯಚ್ಚಿನ ಜೊತೆಗೂ ಹೊಂದುವಂತಿರಲಿಲ್ಲ! ವಾಟ್ಸಾಪ್‌ನಲ್ಲಿ ಅಕ್ಷರ ದಪ್ಪವಾಗಲು ಹಾಕುವ * ಚಿಹ್ನೆ ಸಂದೇಶದ ಮೊದಲಲ್ಲೇ ಇದ್ದರೆ, ಕೆಲವು ಪ್ರೋಗ್ರಾಮುಗಳು ದೋಷ ತೋರಿಸಿ ನಿಂತೇಬಿಡುತ್ತವೆ.

ಇದೇ ಮರೆವು ಕಡತ ಅಳಿಸುವ ಆಜ್ಞೆಯಲ್ಲಾದರೆ ನಷ್ಟ ದೊಡ್ಡದು. ‘ಹಳೆ ಫೋಟೋ’ ಎಂಬ ಕಡತವನ್ನು ಉದ್ಧರಣ ಚಿಹ್ನೆ ಇಲ್ಲದೆ ಅಳಿಸಲು ಹೇಳಿದರೆ, ಆಜ್ಞೆ ಅದನ್ನು ‘ಹಳೆ’ ಮತ್ತು ‘ಫೋಟೋ’ ಎಂಬ ಎರಡು ಕಡತಗಳೆಂದು ಓದುತ್ತದೆ. ಹೆಸರಿನ ಜಾಗದಲ್ಲಿ ಒಂಟಿ * ಇದ್ದರೆ “ಇಲ್ಲಿರುವುದೆಲ್ಲ” ಎಂದರ್ಥ.

ಎರಡನೆಯದು: ನೇರ ಮತ್ತು ಬಾಗಿದ ಉದ್ಧರಣ ಚಿಹ್ನೆ

ನೇರ ಚಿಹ್ನೆ " ಇದರ ಸಂಖ್ಯೆ 34. ಬಾಗಿದ “ ಮತ್ತು ” ಚಿಹ್ನೆಗಳ ಸಂಖ್ಯೆ 8220 ಮತ್ತು 8221. ನಾವು ನೇರ ಚಿಹ್ನೆ ಒತ್ತಿದರೂ ಹಲವು ಆ್ಯಪ್‌ಗಳು ಅದನ್ನು ತಾವಾಗಿ ಬಾಗಿಸಿಬಿಡುತ್ತವೆ. ಓದುವವರಿಗೆ ಅದು ಚೆಂದ. ಆದರೆ ಪ್ರೋಗ್ರಾಮಿಂಗ್ ಭಾಷೆಗಳು ಸಾಮಾನ್ಯವಾಗಿ ಒಪ್ಪುವುದು ನೇರ ಚಿಹ್ನೆಯನ್ನು ಮಾತ್ರ. ಚಾಟ್‌ನಲ್ಲಿ ಬಂದ ಆಜ್ಞೆಯನ್ನು ಹಾಗೇ ಕಾಪಿ ಮಾಡಿ ಓಡಿಸಿದರೆ ಕೆಲಸ ಮಾಡದಿರಲು ಇದೂ ಒಂದು ಸಾಮಾನ್ಯ ಕಾರಣ.

ಮೂರನೆಯದು: ಕಣ್ಣಿಗೆ ಕಾಣದ ಅಕ್ಷರ

‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯದಿದ್ದರೆ ‘ವ’ ಒತ್ತಕ್ಷರವಾಗಿ ‘ಸಾಫ್ಟ್ವೇರ್’ ಎಂದಾಗುತ್ತದೆ. ಹಾಗಾಗದಂತೆ ನಡುವೆ ಒಂದು ಅಗೋಚರ ಚಿಹ್ನೆ ಕುಳಿತಿರುತ್ತದೆ. ಅದರ ಸಂಖ್ಯೆ 8204, ಹೆಸರು ‘ಝೀರೋ ವಿಡ್ತ್ ನಾನ್ ಜಾಯ್ನರ್’. ಅಗಲವೇ ಇಲ್ಲದ, ಕೂಡಲು ಬಿಡದ ಚಿಹ್ನೆ ಎಂದರ್ಥ. ಅದರ ಜೋಡಿ 8205 ಕೂಡಿಸುವ ಚಿಹ್ನೆ. ಅಪ್ಪ, ಅಮ್ಮ, ಮಗು ಒಟ್ಟಿಗಿರುವ ಎಮೋಜಿಯನ್ನು ಹೊಲಿದಿರುವುದೂ ಇದೇ.

ಇವು ಕನ್ನಡಕ್ಕೆ ಬೇಕೇ ಬೇಕು. ಆದರೆ ಇವನ್ನು ಎಲ್ಲರೂ ಒಂದೇ ರೀತಿ ಟೈಪ್ ಮಾಡುವುದಿಲ್ಲ. ಪದದ ಕೊನೆಯಲ್ಲಿ 8204 ಸುಮ್ಮನೆ ಉಳಿದರೂ ಕಣ್ಣಿಗೆ ತಿಳಿಯುವುದಿಲ್ಲ.

ನಾಲ್ಕನೆಯದು: ಅನುಸ್ವಾರದ ಜಾಗದಲ್ಲಿ ಸೊನ್ನೆ

‘ಬೆಂಡೆಕಾಯಿ’ ಮತ್ತು ‘ಬೆ೦ಡೆಕಾಯಿ’. ವ್ಯತ್ಯಾಸ ಕಂಡಿತೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಸಂಖ್ಯೆ 3202. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ, ಸಂಖ್ಯೆ 3302. ಎರಡೂ ದುಂಡಗಿರುವುದರಿಂದ ಎಷ್ಟೋ ಮಂದಿ ಅರಿವಿಲ್ಲದೆ ಸೊನ್ನೆಯನ್ನೇ ಒತ್ತುತ್ತಾರೆ. ನಮಗೆ ಬಂದ ಸಂದೇಶದಲ್ಲೂ ಇದ್ದದ್ದು ಸೊನ್ನೆಯೇ.

ಐದನೆಯದು: ಒಂದೇ ದೀರ್ಘ, ಎರಡು ದಾರಿ

‘ನೀರು’ ಪದದ ‘ನೀ’ಯಲ್ಲಿರುವ ದೀರ್ಘವನ್ನು 3264 ಎಂಬ ಒಂದೇ ಸಂಖ್ಯೆಯಲ್ಲಿ ಬರೆಯಬಹುದು. ಗುಡಿಸು 3263, ದೀರ್ಘದ ಗುರುತು 3285 ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಒಂದೇ ‘ನೀ’. ಇವೆರಡೂ ಸಮ ಎಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಪ್ರೋಗ್ರಾಮ್ ಬರೆದವರು ಆ ನಿಯಮವನ್ನು ಬಳಸು ಎಂದು ಅದಕ್ಕೆ ಹೇಳಿರಬೇಕು. ನಾವು ಹೇಳಿರಲಿಲ್ಲ.

ಸರಿಪಡಿಸಿದ್ದು ಹೇಗೆ?

ಈಗ ಪ್ರೋಗ್ರಾಮ್ ಪ್ರತಿ ಸಂದೇಶದ ಒಂದು ಪ್ರತಿ ತೆಗೆದು, ಆ ಪ್ರತಿಯನ್ನಷ್ಟೇ ಶುಚಿ ಮಾಡುತ್ತದೆ. ದೀರ್ಘಗಳನ್ನು ಒಂದೇ ರೂಪಕ್ಕೆ ತರುತ್ತದೆ, ಬಾಗಿದ ಉದ್ಧರಣವನ್ನು ನೇರ ಮಾಡುತ್ತದೆ, ಕಾಣದ ಚಿಹ್ನೆಗಳನ್ನು ತೆಗೆಯುತ್ತದೆ. ಕೊನೆಯಲ್ಲಿ ಉಳಿದ ?, * ಮುಂತಾದವುಗಳ ಮುಂದೆ \ ಹಾಕಿ “ಇದು ಬರೀ ಅಕ್ಷರ” ಎಂದು ತಿಳಿಸುತ್ತದೆ. ಹಳೆಯ ಲೇಖನಗಳಲ್ಲಿರುವ ಸಂದೇಶಗಳಿಗೂ ಇದೇ ಶುಚಿ. ಮೂಲ ಸಂದೇಶವನ್ನು ಮುಟ್ಟುವುದಿಲ್ಲ. ಅದರಿಂದ ಕಾಣದ ಚಿಹ್ನೆ ತೆಗೆದರೆ ಕನ್ನಡವೇ ಕೆಡುತ್ತದೆ.

ಸೊನ್ನೆಯ ವಿಷಯದಲ್ಲಿ ಇನ್ನೊಮ್ಮೆ ಎಡವಿದೆವು. ಎಲ್ಲ ೦ ತೆಗೆದು ಅನುಸ್ವಾರ ಹಾಕಿದಾಗ ‘೧೦ ದಿನ’, ‘೫೦೦ ರೂಪಾಯಿ’ ಎಂಬಲ್ಲಿನ ನಿಜವಾದ ಸೊನ್ನೆಗಳೂ ಹೋದವು. ಈಗ ಪಕ್ಕದಲ್ಲಿ ಅಂಕಿ ಇದ್ದರೆ ಸೊನ್ನೆ ಎಂದು ಬಿಡುತ್ತೇವೆ, ಅಕ್ಷರದ ಹಿಂದೆ ಬಂದರೆ ಮಾತ್ರ ಬದಲಿಸುತ್ತೇವೆ.

ಹಾಗಾದರೆ ಒಂದು ಅಕ್ಷರ ಫೋನನ್ನೇ ಕೆಡಿಸಬಹುದೇ?

“ಈ ಚಿಹ್ನೆ ಮುಟ್ಟಬೇಡಿ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ” ಎಂಬ ಎಚ್ಚರಿಕೆಯೂ ಆಗಾಗ ಹರಿದಾಡುತ್ತದೆ. ಇದರಲ್ಲಿ ಅರ್ಧ ನಿಜವಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರವನ್ನು ತೋರಿಸಲು ಹೋಗಿ ಐಫೋನ್‌ನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು. ಆ ಅಕ್ಷರದೊಳಗೂ ಇದ್ದದ್ದು ಅದೇ 8204. ಆ್ಯಪಲ್ ಅದೇ ತಿಂಗಳು ಐಓಎಸ್ 11.2.6 ಬಿಡುಗಡೆ ಮಾಡಿ ಸರಿಪಡಿಸಿತು. ಅದೇ ವರ್ಷ ಹರಿದಾಡಿದ ‘ಕಪ್ಪು ಚುಕ್ಕೆ’ ಸಂದೇಶದಲ್ಲೂ ಚುಕ್ಕೆಯದ್ದೇನೂ ತಪ್ಪಿರಲಿಲ್ಲ. ಅದರ ಜೊತೆ ತುಂಬಿಸಿದ್ದ ಅಪಾರ ಅಗೋಚರ ಚಿಹ್ನೆಗಳನ್ನು ನಿಭಾಯಿಸಲಾರದೆ ಆ್ಯಪ್ ಸ್ಥಗಿತಗೊಳ್ಳುತ್ತಿತ್ತು. ಎರಡೂ ಪ್ರಕರಣಗಳಲ್ಲಿ ಆ್ಯಪ್ ನಿಂತಿತೇ ಹೊರತು ಯಾರ ಹಣವೂ ಅಕ್ಷರದಿಂದ ಹೋಗಲಿಲ್ಲ.

ಹಣ ಹೋಗುವ ದಾರಿ ಬೇರೆ: ನಕಲಿ ಲಿಂಕ್. ರಷ್ಯನ್ ಮುಂತಾದ ಭಾಷೆಗಳ ಸಿರಿಲಿಕ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷ್ ಅಕ್ಷರಗಳಂತೆಯೇ ಕಾಣುತ್ತವೆ. 2017ರಲ್ಲಿ ಸಂಶೋಧಕರೊಬ್ಬರು ಅಂಥ ಅಕ್ಷರಗಳಿಂದಲೇ ಆ್ಯಪಲ್ ಕಂಪನಿಯ ವಿಳಾಸದಂತೆ ಕಾಣುವ ವಿಳಾಸವೊಂದನ್ನು ನೋಂದಾಯಿಸಿ, ಕೆಲವು ಬ್ರೌಸರುಗಳು ಹೇಗೆ ಮೋಸ ಹೋಗುತ್ತವೆ ಎಂದು ತೋರಿಸಿದರು. ಬೆಂಡೆಕಾಯಿಯ ಸೊನ್ನೆಯದ್ದೂ ಇದೇ ಆಟ. ಅಲ್ಲಿ ನಮಗೆ ಬೇಕಾದ ಉತ್ತರ ತಪ್ಪಿತು, ಇಲ್ಲಿ ದುಡ್ಡೇ ಹೋಗಬಹುದು.

ನೀವೇನು ಮಾಡಬಹುದು?

• ಪರಿಶೀಲನೆಗೆ ಕಳಿಸುವಾಗ ಮೂಲ ಸಂದೇಶವನ್ನೇ ಫಾರ್ವರ್ಡ್ ಮಾಡಿ, ಮತ್ತೆ ಟೈಪ್ ಮಾಡಬೇಡಿ.
• ಫೋನಿನ ಅಪ್‌ಡೇಟ್ ಮುಂದೂಡಬೇಡಿ. ಅಕ್ಷರದ ದೋಷಗಳೂ ಸರಿಯಾಗುವುದು ಅದರಿಂದಲೇ.
• ಬ್ಯಾಂಕ್ ವಿಳಾಸವನ್ನು ನೀವೇ ಟೈಪ್ ಮಾಡಿ. ಲಿಂಕ್ “ನೋಡಲು ಸರಿ ಇದೆ” ಎಂದು ನಂಬಬೇಡಿ.
• ಗೂಗಲ್‌ನಲ್ಲಿ ಒಂದು ಸಂದೇಶ ಸಿಗಲಿಲ್ಲ ಎಂದಾಕ್ಷಣ ಅದನ್ನು ಯಾರೂ ಪರಿಶೀಲಿಸಿಲ್ಲ ಎಂದುಕೊಳ್ಳಬೇಡಿ. ಮುಖ್ಯ ಪದಗಳನ್ನು ನೀವೇ ಟೈಪ್ ಮಾಡಿ ಇನ್ನೊಮ್ಮೆ ಹುಡುಕಿ.

ಆ ಓದುಗರ ತಂದೆ ವೈದ್ಯರನ್ನು ಕಂಡು ಮತ್ತೆ ಮಾತ್ರೆ ಶುರು ಮಾಡಿದ್ದಾರೆ. ನಮ್ಮ ಉತ್ತರ ತಲುಪುವ ಮೊದಲೇ ಮಗಳು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮಾಡಬೇಕಾದದ್ದೂ ಅದನ್ನೇ. ಮಾತ್ರೆ ಬಿಡಿ ಎನ್ನುವ ಸಂದೇಶ ಬಂದರೆ ನಮ್ಮ ಉತ್ತರಕ್ಕೂ ಕಾಯಬೇಡಿ, ಮೊದಲು ವೈದ್ಯರನ್ನು ಕೇಳಿ.