ಮೊದಲು ಮಂಗಳದ ಆ ಕಲ್ಲು ಬರಲಿ

2025ರಲ್ಲಿ ಭೂಮಿಯಾಚೆಯ ಜೀವದ ಬಗ್ಗೆ ಎರಡು ದೊಡ್ಡ ಸುದ್ದಿಗಳು ಬಂದವು. ಏಪ್ರಿಲ್‌ನಲ್ಲಿ ಬಂದದ್ದು ಕೆ2-18ಬಿ ಎಂಬ ಗ್ರಹದ್ದು. ಸಿಂಹರಾಶಿಯ ದಿಕ್ಕಿನಲ್ಲಿ 124 ಜ್ಯೋತಿರ್ವರ್ಷ ದೂರವಿರುವ ಅದರ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅನಿಲದ ಸುಳಿವು ಸಿಕ್ಕಿದೆ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ ಹೇಳಿತು. ಭೂಮಿಯಲ್ಲಿ ಈ ಅನಿಲವನ್ನು ಹೆಚ್ಚಾಗಿ ಹೊರಬಿಡುವುದು ಕಡಲಿನ ಸೂಕ್ಷ್ಮ ಪಾಚಿಗಳು. ಮಧುಸೂದನ್ ಬನಾರಸ್‌ನಲ್ಲಿ ಎಂಜಿನಿಯರಿಂಗ್ ಓದಿದವರು ಎಂಬುದೂ ಸೇರಿ ನಮ್ಮ ಟಿ.ವಿ. ವಾಹಿನಿಗಳಿಗೆ ಹಬ್ಬವೋ ಹಬ್ಬ.

ಸೆಪ್ಟೆಂಬರ್‌ನಲ್ಲಿ ಬಂದ ಎರಡನೆಯದು ಮಂಗಳದ ಒಂದು ಕಲ್ಲಿನ ಸುದ್ದಿ. ಎರಡೇ ದಿನಕ್ಕೆ ಮರೆತುಹೋಯಿತು. ಆದರೆ ತೂಕದ ಸುದ್ದಿ ಅದೇ.

ಕೆ2-18ಬಿಯ ಕತೆಯನ್ನು ಬೇಗ ಮುಗಿಸಬಹುದು. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಅದರ ವಾತಾವರಣವನ್ನು ಸೋಸಿಕೊಂಡು ಬರುವ ಚೂರು ಬೆಳಕನ್ನು ಜೇಮ್ಸ್ ವೆಬ್ ದೂರದರ್ಶಕ ಹಿಡಿದಿತ್ತು. ಆ ಸಂಕೇತ ಆಕಸ್ಮಿಕವಾಗಿರುವ ಸಾಧ್ಯತೆ ಶೇ 0.3ರಷ್ಟಿದೆ ಎಂದು ತಂಡವೇ ಒಪ್ಪಿಕೊಂಡಿತ್ತು. ವಿಜ್ಞಾನದಲ್ಲಿ ‘ಕಂಡುಹಿಡಿದೆವು’ ಎನ್ನಲು ಅದು ಸಾಲದು. ಅದೇ ದತ್ತಾಂಶವನ್ನು ಬೇರೆಯವರು ಮತ್ತೆ ಲೆಕ್ಕ ಹಾಕಿದಾಗ ಸುಳಿವು ಇನ್ನಷ್ಟು ಮಸುಕಾಯಿತು. ಜೀವದ ಸೋಂಕೇ ಇಲ್ಲದ 67ಪಿ ಧೂಮಕೇತುವಿನಲ್ಲೂ ಅದೇ ಅನಿಲದ ಗುರುತು ಸಿಕ್ಕಿದೆ. ಇಷ್ಟಕ್ಕೂ ಅಲ್ಲಿಗೆ ಹೋಗಿ ನೋಡಿ ಬರುವಂತಿಲ್ಲ. ವಾದ ಎಷ್ಟು ವರ್ಷ ಬೇಕಾದರೂ ನಡೆಯಬಹುದು.

ಮಂಗಳದ ಕಲ್ಲಿನ ಮಾತೇ ಬೇರೆ. 2021ರ ಫೆಬ್ರವರಿಯಲ್ಲಿ ಜೆಜೆರೊ ಕುಳಿಯಲ್ಲಿ ಇಳಿದ ನಾಸಾದ ಪರ್ಸಿವಿಯರೆನ್ಸ್ ರೋವರ್, 2024ರ ಜುಲೈನಲ್ಲಿ ಒಣಗಿಹೋದ ನದಿಪಾತ್ರವೊಂದರ ಬಳಿ ಕೆಂಪು ಬಂಡೆಯೊಂದನ್ನು ಕಂಡಿತು. ವಿಜ್ಞಾನಿಗಳು ಅದಕ್ಕೆ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟರು. ಬಂಡೆಯ ಮೈತುಂಬ ಸಣ್ಣ ಸಣ್ಣ ಬಿಳಿಚು ಮಚ್ಚೆಗಳು, ಪ್ರತಿ ಮಚ್ಚೆಗೂ ಕಪ್ಪು ಅಂಚು. ಚಿರತೆಯ ಚುಕ್ಕೆ ಎಂದೇ ಅವರು ಕರೆದರು. ಆ ಮಚ್ಚೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಕಬ್ಬಿಣದ ಸಲ್ಫೈಡ್ ಖನಿಜಗಳ ಗುರುತು ಸಿಕ್ಕಿತು. ಸುತ್ತಲಿನ ಕೆಸರುಗಲ್ಲಿನಲ್ಲಿ ಸಾವಯವ ಇಂಗಾಲವೂ ಇತ್ತು.

ನಮ್ಮ ಕೆರೆಯ ಹೂಳಿನಲ್ಲಿ, ಕಡಲ ತಳದ ಕೆಸರಿನಲ್ಲಿ ಇಂಥ ಖನಿಜಗಳನ್ನು ಬ್ಯಾಕ್ಟೀರಿಯಾಗಳು ಉಂಟುಮಾಡುತ್ತವೆ. ಗಾಳಿಯಿಲ್ಲದ ಜಾಗದಲ್ಲಿ ಅವು ಸಾವಯವ ವಸ್ತುವನ್ನು ತಿಂದು, ಆಮ್ಲಜನಕದ ಬದಲು ಕಬ್ಬಿಣ ಮತ್ತು ಸಲ್ಫೇಟನ್ನು ‘ಉಸಿರಾಡುತ್ತವೆ’. ಅದರ ಉಳಿಕೆಯೇ ಈ ಖನಿಜ. ಜೀವವಿಲ್ಲದೆಯೂ ಅವು ಹುಟ್ಟಬಹುದು, ಆದರೆ ಸಾಮಾನ್ಯವಾಗಿ ಅದಕ್ಕೆ ಹೆಚ್ಚಿನ ಶಾಖ ಬೇಕು. ಈ ಬಂಡೆ ಅಷ್ಟು ಬಿಸಿಯಾದ ಲಕ್ಷಣವಿಲ್ಲ. ಜೋಯಲ್ ಹುರೊವಿಟ್ಜ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇದನ್ನು ‘ಜೀವದ ಸಂಭಾವ್ಯ ಕುರುಹು’ ಎಂದಷ್ಟೇ ಕರೆಯಿತು. ಜೀವ ಸಿಕ್ಕಿತು ಎನ್ನಲಿಲ್ಲ. ಆ ಎಚ್ಚರಿಕೆಯನ್ನು ಮೆಚ್ಚಬೇಕು.

ಎಚ್ಚರಿಕೆಗೆ ಕಾರಣವೂ ಇದೆ. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದ ಮಣ್ಣಿಗೆ ವಿಕಿರಣಶೀಲ ಇಂಗಾಲ ಬೆರೆಸಿದ ಪೋಷಕ ದ್ರವ ಹನಿಸಿದವು. ಮಣ್ಣಿನಿಂದ ಅನಿಲ ಹೊಮ್ಮಿತು. ಆ ಪ್ರಯೋಗ ರೂಪಿಸಿದ ಗಿಲ್ಬರ್ಟ್ ಲೆವಿನ್ ಅದು ಜೀವಿಗಳದ್ದೇ ಎಂದರು. ಆದರೆ ಮತ್ತೊಂದು ಉಪಕರಣಕ್ಕೆ ಆ ಮಣ್ಣಿನಲ್ಲಿ ಸಾವಯವ ವಸ್ತುವೇ ಕಾಣಲಿಲ್ಲ, ಹೀಗಾಗಿ ಬಹುಪಾಲು ವಿಜ್ಞಾನಿಗಳು ತಲೆ ಅಲ್ಲಾಡಿಸಿದರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಲವಣ ಪತ್ತೆ ಮಾಡಿತು. ಮಣ್ಣನ್ನು ಕಾಯಿಸಿದಾಗ ಸಾವಯವ ವಸ್ತುವನ್ನು ಸುಟ್ಟುಹಾಕುವ ಲವಣ ಅದು. ವೈಕಿಂಗ್ ಉಪಕರಣ ಮಾಡಿದ್ದೂ ಮಣ್ಣು ಕಾಯಿಸುವ ಕೆಲಸವನ್ನೇ! ಲೆವಿನ್ 2021ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಪಟ್ಟು ಬಿಡಲಿಲ್ಲ.

ಜೀವದ ಕುರುಹಾಗಿರಬಹುದಾದ ಮೀಥೇನ್ ಅನಿಲದ ಪ್ರಕರಣವೂ ಹೀಗೇ ಗೋಜಲು. ಗೇಲ್ ಕುಳಿಯಲ್ಲಿರುವ ಕ್ಯೂರಿಯಾಸಿಟಿ ರೋವರ್ ಆಗಾಗ ಅದರ ವಾಸನೆ ಹಿಡಿಯುತ್ತದೆ. 2019ರ ಜೂನ್‌ನಲ್ಲಂತೂ ನೂರು ಕೋಟಿಗೆ 21 ಅಂಶದಷ್ಟು ಕಂಡಿತು. ಮೇಲೆ ಸುತ್ತುತ್ತಿರುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್‌ಗೆ ಏನೂ ಕಾಣುವುದಿಲ್ಲ. ನಮ್ಮ ಮಂಗಳಯಾನವೂ ಮೀಥೇನ್ ಹುಡುಕುವ ಉಪಕರಣ ಹೊತ್ತೇ ಹೋಗಿತ್ತು. ಬೆಂಗಳೂರಿನ ಇಸ್ರೋ ಕೇಂದ್ರದಿಂದ ನಿಯಂತ್ರಿಸಿದ, ಬ್ಯಾಲಾಳಿನ ಆಂಟೆನಾ ಮಾತಾಡಿಸಿದ ಆ ನೌಕೆ ಮೊದಲ ಯತ್ನದಲ್ಲೇ ಕಕ್ಷೆ ಸೇರಿದ್ದು ಹೆಮ್ಮೆಯ ವಿಷಯ. ಆದರೆ ಅದರ ಎಲ್ಲ ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ ಸುಮಾರು 15 ಕಿಲೊ. ಮೀಥೇನ್ ಬಗ್ಗೆ ಖಚಿತ ಉತ್ತರ ಅದರಿಂದ ಬರಲಿಲ್ಲ. ಇದನ್ನು ಹೇಳಲು ಸಂಕೋಚ ಬೇಕಿಲ್ಲ, ಅಮೆರಿಕ ಮತ್ತು ಯುರೋಪಿಗೂ ಆ ಗಂಟು ಬಿಚ್ಚಲು ಆಗಿಲ್ಲ.

ಮಂಗಳಕ್ಕೆ ಪುಟ್ಟ ಪೆಟ್ಟಿಗೆ ಕಳಿಸಿ ಇಲ್ಲಿಂದ ತೀರ್ಪು ಕೊಡುವ ಪದ್ಧತಿಗೆ ಮಿತಿಯಿದೆ. ಚೆಯಾವಾ ಫಾಲ್ಸ್‌ನಿಂದ ಕೊರೆದು ತೆಗೆದ ಚಾಕ್‌ಪೀಸ್ ಗಾತ್ರದ ತುಣುಕು ಈಗ ರೋವರ್ ಹೊಟ್ಟೆಯೊಳಗೆ, ಲೋಹದ ಕೊಳವೆಯಲ್ಲಿದೆ. ಭೂಮಿಯ ಪ್ರಯೋಗಾಲಯಕ್ಕೆ ಅದು ಬಂದರೆ ಗಂಧಕದ, ಕಬ್ಬಿಣದ ಐಸೊಟೋಪುಗಳ ಪ್ರಮಾಣ ಅಳೆಯಬಹುದು. ಜೀವಿಗಳು ಹಗುರ ಐಸೊಟೋಪನ್ನು ಆರಿಸಿಕೊಳ್ಳುವ ಕಾರಣ ಅಲ್ಲಿ ಪಕ್ಕಾ ಸಾಕ್ಷ್ಯ ಸಿಗುವ ಅವಕಾಶವಿದೆ. ತರುವ ಯೋಜನೆಗೆ 1,100 ಕೋಟಿ ಡಾಲರ್ ಬೇಕು, ಮಾದರಿ ಬರುವುದು 2040ಕ್ಕೆ ಎಂದು 2024ರಲ್ಲಿ ನಾಸಾ ಹೇಳಿದ್ದೇ ತಡ, ಎಲ್ಲರೂ ಬೆಚ್ಚಿದರು. ಮರುವರ್ಷ ಟ್ರಂಪ್ ಸರ್ಕಾರ ತನ್ನ ಬಜೆಟ್ ಪ್ರಸ್ತಾವದಲ್ಲಿ ಅದನ್ನು ಕೈಬಿಡಲು ಹೇಳಿತು. ಚೀನಾ 2028ರ ಸುಮಾರಿಗೆ ಟಿಯಾನ್ವೆನ್-3 ಕಳಿಸಿ ಮಂಗಳದ ಮಣ್ಣು ತರಲು ಹೊರಟಿದೆ, ಆದರೆ ಈ ಕೊಳವೆ ಅದರ ಲೆಕ್ಕದಲ್ಲಿಲ್ಲ.

ದುಬಾರಿ ಎಂಬ ಆಕ್ಷೇಪ ಸುಳ್ಳಲ್ಲ. ಶನಿಯ ಚಂದ್ರ ಎನ್ಸೆಲಾಡಸ್‌ನ ಹಿಮದಡಿಯ ಕಡಲು ಕೂಡ ಕಾಯುತ್ತಿದೆ. ಅಲ್ಲಿಂದ ಚಿಮ್ಮುವ ನೀರಿನಲ್ಲಿ ಹೈಡ್ರೋಜನ್, ಫಾಸ್ಫೇಟ್ ಎಲ್ಲ ಇದೆ ಎಂದು ಕಸೀನಿ ನೌಕೆಯ ದತ್ತಾಂಶ ತೋರಿಸಿದೆ. ಗುರುವಿನ ಚಂದ್ರ ಯುರೋಪಾದತ್ತ ಹೊರಟ ಕ್ಲಿಪ್ಪರ್ ನೌಕೆ 2030ರಲ್ಲಿ ತಲುಪಲಿದೆ. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಕೊರೆದು, ಕೊಳವೆಗೆ ತುಂಬಿ, ಮುಚ್ಚಳ ಹಾಕಿಟ್ಟ ಸಾಕ್ಷ್ಯ ಇರುವುದು ಮಂಗಳದಲ್ಲಿ ಮಾತ್ರ. ಅದನ್ನು ಅಲ್ಲೇ ಬಿಟ್ಟು ಮುಂದೆ ನಡೆಯುವುದು ಜಿಪುಣತನದ ಲೆಕ್ಕವೂ ಅಲ್ಲ, ಈಗಾಗಲೇ ಸುರಿದ ಹಣ ದಂಡ.

ಇಲ್ಲಿ ಭಾರತಕ್ಕೂ ಒಂದು ಜಾಗವಿದೆ. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 2,104 ಕೋಟಿ ರೂಪಾಯಿ ಕೊಟ್ಟಿದೆ. ಅದಕ್ಕೆ ಬೇಕಾದ ನೌಕಾ ಜೋಡಣೆಯನ್ನು 2025ರ ಜನವರಿಯಲ್ಲಿ ಇಸ್ರೋ ಭೂಕಕ್ಷೆಯಲ್ಲಿ ಮಾಡಿ ತೋರಿಸಿದೆ. ಮಂಗಳದ ಕೊಳವೆಯನ್ನು ಅಮೆರಿಕ ಒಂಟಿಯಾಗಿ ತರಲಾರದಾದರೆ ಯುರೋಪ್, ಜಪಾನ್‌ಗಳೊಂದಿಗೆ ಭಾರತವೂ ಹೆಗಲು ಕೊಡುವ ಮಾತು ಎತ್ತಬಹುದು. ಮಂಗಳಕ್ಕೆ ಇನ್ನೊಂದು ಧ್ವಜ ಕಳಿಸುವ ಮೊದಲು ಸರ್ಕಾರ ಈ ಪಾಲುದಾರಿಕೆಯನ್ನು ಕೇಳಿ ಪಡೆಯಬೇಕು.