ಸ್ಲೀಪರ್ ಗಟ್ಟಿ, ಪ್ಯಾಡ್ ಎಲ್ಲಿ?

ಬೆಂಗಳೂರು–ಮಂಗಳೂರು ವಂದೇ ಭಾರತ್ ಮಾತು ಬಂದಾಗಲೆಲ್ಲ, ಘಟ್ಟದ ಹಳಿ ತಡೆದುಕೊಂಡೀತೇ ಎಂದು ಯಾರಾದರೂ ಕೇಳುತ್ತಾರೆ. ‘ಎಲ್ಲ ಕಾಂಕ್ರೀಟ್ ಸ್ಲೀಪರ್, ದಶಕಗಟ್ಟಲೆ ಚಿಂತೆಯಿಲ್ಲ’ ಎಂಬ ಉತ್ತರವೂ ಸಿದ್ಧವಿರುತ್ತದೆ. ಈ ಉತ್ತರ ತಪ್ಪು. ಹಳಿಯನ್ನು ಹೊರುವ ಅಡ್ಡತೊಲೆಯಾದ ಸ್ಲೀಪರ್‌ನ ಆಯುಷ್ಯವನ್ನು ತೀರ್ಮಾನಿಸುವುದು ಅದರ ಕಾಂಕ್ರೀಟಲ್ಲ, ಹಳಿಯ ಅಡಿಗಿರುವ ಕೆಲವೇ ಮಿಲಿಮೀಟರ್ ದಪ್ಪದ ರಬ್ಬರ್ ಪ್ಯಾಡ್.

ಅದಕ್ಕೊಂದು ಉದಾಹರಣೆ: 2005ರ ಏಪ್ರಿಲ್ 3ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋಮ್ ವ್ಯಾಲಿ ಬಳಿ ಆಮ್‌ಟ್ರ್ಯಾಕ್ ರೈಲೊಂದು ಹಳಿ ತಪ್ಪಿತು. 30 ಮಂದಿಗೆ ಗಾಯವಾಯಿತು. ಯಾರೂ ಸಾಯಲಿಲ್ಲ, ಬಹುಶಃ ಅದಕ್ಕೇ ಆ ಅಪಘಾತವನ್ನು ಯಾರೂ ಎತ್ತುವುದಿಲ್ಲ. ಅಪಘಾತವಾದ ತಿರುವಿನಲ್ಲಿ ತೊಂದರೆ ಕೊಟ್ಟದ್ದು ಸ್ಲೀಪರ್‌ಗಳ ಮುರಿತವಲ್ಲ. ಹಳಿ ಕೂರುವ ಜಾಗದಲ್ಲಿ ಕಾಂಕ್ರೀಟ್ ಸವೆದಿತ್ತು. ಹೊರಗಿನ ಹಳಿ ಆಚೆಗೆ ವಾಲಿ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅಗಲವಾಯಿತು. ಅಲ್ಲಿ ರೈಲು ಕುಲುಕುತ್ತದೆ ಎಂಬ ದೂರುಗಳು ಮೊದಲೇ ಮತ್ತೆ ಮತ್ತೆ ಬಂದಿದ್ದವು. ಅವಕ್ಕೆ ಸರಿಯಾಗಿ ಸ್ಪಂದಿಸದಿದ್ದುದೇ ಅಪಘಾತಕ್ಕೆ ಕಾರಣ ಎಂದು ತನಿಖಾ ಮಂಡಳಿ ಹೇಳಿತು. ಕಾಂಕ್ರೀಟ್ ಸ್ಲೀಪರ್‌ಗೆ ತಕ್ಕ ಸುರಕ್ಷತಾ ಮಾನದಂಡವೇ ಇರಲಿಲ್ಲವೆಂದು ನಿಯಂತ್ರಕರನ್ನೂ ದೂರಿತು. ಇಂಥ ಸವೆತ ಅರ್ಧ ಇಂಚು ಮೀರಬಾರದೆಂಬ ನಿಯಮ ಬಂದದ್ದು 2011ರಲ್ಲಿ.

ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಸವೆತ ಅಲ್ಲಿಗೆ ತಲುಪುವ ಬಗೆ ನೋಡಿ. ಪ್ಯಾಡ್ ಹರಿದರೆ ಅಥವಾ ಪಕ್ಕಕ್ಕೆ ಸರಿದರೆ ನೀರೂ ಕಲ್ಲುಪುಡಿಯೂ ಒಳಗೆ ಸೇರುತ್ತವೆ. ಗಾಲಿ ಹಾದಾಗಲೆಲ್ಲ ಆ ಕೆಸರು ಕಾಂಕ್ರೀಟನ್ನು ಅರೆಯುತ್ತದೆ. ಮೊದಲು ಸಿಮೆಂಟ್ ಹೋಗಿ ಜಲ್ಲಿ ಬಾಯಿ ಬಿಡುತ್ತದೆ. ಹಳಿ ತಗ್ಗಿದಷ್ಟೂ ಅದನ್ನು ಸ್ಲೀಪರ್‌ಗೆ ಬಿಗಿದಿಡುವ ಕ್ಲಿಪ್‌ನ ಹಿಡಿತ ಸಡಿಲ. ಸಡಿಲವಾದ ಹಳಿ ಇನ್ನಷ್ಟು ಅರೆಯುತ್ತದೆ. ಮರದ ಸ್ಲೀಪರ್ ಕೊಳೆತರೆ ನೋಡಿದರೇ ತಿಳಿಯುತ್ತಿತ್ತು. ಇಲ್ಲಿ ಸವೆತವನ್ನು ಹಳಿಯೇ ಮುಚ್ಚಿರುತ್ತದೆ. ರೈಲಿನ ಭಾರ ಬೀಳದಿರುವಾಗ ಗೇಜ್ ಅಳೆದರೆ ಲೆಕ್ಕ ಸರಿಯಾಗಿಯೂ ಸಿಗಬಹುದು.

ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಈ ರೋಗಕ್ಕೆ ಬೇಕಾದದ್ದೆಲ್ಲ ಇದೆ. ಸುಮಾರು 55 ಕಿಲೋಮೀಟರ್ ದಾರಿ, 50ಕ್ಕೆ 1ರ ಏರು, ಕಡಿದಾದ ತಿರುವುಗಳು, ತಿಂಗಳುಗಟ್ಟಲೆ ಮಳೆ, ಬಂದರಿನ ಸರಕು. ಏರಿನಲ್ಲಿ ಗಾಲಿ ಜಾರದಂತೆ ಎಂಜಿನ್ ಉದುರಿಸುವ ಮರಳನ್ನೂ ಮರೆಯಬೇಡಿ. ಅರೆಯಲು ಅದಕ್ಕಿಂತ ಒಳ್ಳೆಯ ಪುಡಿ ಇನ್ನೊಂದಿಲ್ಲ. ಇದರ ಜೊತೆಗೆ, 2005ರಿಂದೀಚೆಗೆ ದೇಶದ ಮುಖ್ಯ ಸರಕು ಮಾರ್ಗಗಳಲ್ಲಿ ಆಕ್ಸಲ್ ಭಾರ 20.3 ಟನ್‌ನಿಂದ 22.9 ಟನ್‌ಗೆ ಏರಿತು. ಆಗ ಎಲ್ಲರೂ ಕೊಂಡಾಡಿದ್ದು ರೈಲ್ವೆಯ ಲಾಭವನ್ನು, ಹಳಿಯ ಮೇಲೆ ಬಿದ್ದ ಹೊರೆಯನ್ನು ನೋಡಲಿಲ್ಲ.

ಕಿಲೋಮೀಟರಿಗೆ 1,660 ಸ್ಲೀಪರ್ ಎಂದರೆ 3,320 ಪ್ಯಾಡ್, 6,640 ಕ್ಲಿಪ್. ಹಳಿ ನೋಡಿಕೊಳ್ಳುವ ಕೀಮನ್ ಸುತ್ತಿಗೆ ಹಿಡಿದು ದಿನವೂ ನಡೆಯುತ್ತಾನೆ, ಸಡಿಲಾದ ಕ್ಲಿಪ್ ಬಡಿದು ಕೂರಿಸುತ್ತಾನೆ. ಕ್ಲಿಪ್ ಕೂತಿತು ಎಂದ ಮಾತ್ರಕ್ಕೆ ಹಳಿ ಬಿಗಿಯಾಯಿತು ಎಂದಲ್ಲ. ತಳ ನೋಡಬೇಕಾದರೆ ಕ್ಲಿಪ್ ಬಿಚ್ಚಿ ಹಳಿ ಎತ್ತಬೇಕು. ಅದು ಒಬ್ಬನ ಕೆಲಸವಲ್ಲ, ಅದಕ್ಕೆ ಬ್ಲಾಕ್, ಅಂದರೆ ರೈಲು ನಿಲ್ಲಿಸಿ ಹಳಿಯನ್ನು ಕೆಲಸಕ್ಕೆ ಬಿಟ್ಟುಕೊಡುವ ಸಮಯ, ಬೇಕು.

ವಂದೇ ಭಾರತ್ ಬೇಡವೆನ್ನುತ್ತಿಲ್ಲ. ಆದರೆ ಘಟ್ಟದ ಒಂಟಿ ಹಳಿಯ ಮೇಲೆ ಹೊಸ ರೈಲು ಓಡುವ ಸಮಯ ಬರುವುದು ಈ ಬ್ಲಾಕ್‌ನ ಲೆಕ್ಕದಿಂದಲೇ. ಹಳಿ ನವೀಕರಣದ ಕಿಲೋಮೀಟರುಗಳನ್ನು ಹೆಮ್ಮೆಯಿಂದ ಪ್ರಕಟಿಸುವ ಇಲಾಖೆ, ತಿರುವು ತಿರುವಿಗೆ ಎಷ್ಟು ಪ್ಯಾಡ್ ಬದಲಾಯಿತು, ಅದಕ್ಕೆ ಕೇಳಿದ ಬ್ಲಾಕ್ ಎಷ್ಟು, ಸಿಕ್ಕಿದ್ದೆಷ್ಟು ಎಂಬುದನ್ನೂ ವೇಳಾಪಟ್ಟಿಗೆ ಮೊದಲು ಪ್ರಕಟಿಸಲಿ.